ವಿಹಾರದ ದಿನಕ್ಕೆ ಮಗುವೇ ಅಳತೆಗೋಲು

ಬೇಸಿಗೆಯ ರಜೆ ಆರಂಭವಾಯಿತೆಂದರೆ ನಮ್ಮ ಆವರಗೆರೆಯ ಓಣಿಗಳಲ್ಲಿ ನಸುಕಿನ ಮೂರು ಗಂಟೆಗೇ ಟೆಂಪೋ ಟ್ರಾವೆಲರ್‌ಗಳ ಸದ್ದು ಕೇಳತೊಡಗುತ್ತದೆ. ಬುತ್ತಿಯ ಗಂಟು, ನೀರಿನ ಕ್ಯಾನು, ಬಟ್ಟೆಯ ಚೀಲ, ಅವುಗಳ ನಡುವೆ ಅರೆನಿದ್ದೆಯ ಕೂಸುಗಳು. ಪಿ.ಬಿ. ರಸ್ತೆ ದಾಟಿ ಹೆದ್ದಾರಿ ಹಿಡಿದ ಬಂಡಿಗಳಲ್ಲಿ ಕೆಲವು ಬೆಂಗಳೂರು, ಬಿಡದಿಯ ಕಡೆಗೆ, ಕೆಲವು ಹುಬ್ಬಳ್ಳಿಯ ಕಡೆಗೆ ಸಾಗುವುವು. ಥೀಮ್ ಪಾರ್ಕ್, ವಾಟರ್ ಪಾರ್ಕ್ ಎಂಬ ಮಾತು ಈಗ ಹರಿಹರ, ದಾವಣಗೆರೆಗಳ ಮನೆಮನೆಯಲ್ಲೂ ಬಳಕೆಗೆ ಬಂದಿದೆ. ಮಕ್ಕಳನ್ನು ಸಂತೋಷಪಡಿಸಬೇಕೆಂಬ ಹಿರಿಯರ ಹಂಬಲವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅಂಗನವಾಡಿಗೆ, ಎಲ್.ಕೆ.ಜಿ.ಗೆ ಹೋಗುವ ವಯಸ್ಸಿನ ಮಗುವನ್ನು ಕರೆದೊಯ್ಯುವಾಗ ಆ ದಿನದ ಯೋಜನೆಯನ್ನು ಯಾರ ಅಳತೆಯಿಂದ ಹಾಕುತ್ತಿದ್ದೇವೆ ಎಂಬುದನ್ನು ಒಮ್ಮೆ ಯೋಚಿಸಬೇಕಾಗಿದೆ.

ಈ ಮಾತನ್ನು ಪರರಿಗೆ ಬುದ್ಧಿ ಹೇಳಲೆಂದು ಬರೆಯುತ್ತಿಲ್ಲ. ತಪ್ಪು ಮಾಡಿ ಕಲಿತವರಾಗಿ ಬರೆಯುತ್ತಿದ್ದೇವೆ. ಎರಡು ವರ್ಷಗಳ ಹಿಂದಿನ ಮೇ ತಿಂಗಳಲ್ಲಿ ನಮ್ಮ ಮನೆಯ ಹನ್ನೊಂದು ಮಂದಿ ದೂರದ ಒಂದು ಉದ್ಯಾನಕ್ಕೆ ಒಂದೇ ದಿನದಲ್ಲಿ ಹೋಗಿ ಬರುವುದೆಂದು ಹೊರಟೆವು. ನಮ್ಮೊಡನೆ ಮೂರೂವರೆ ವರ್ಷದ ಮೊಮ್ಮಗಳೂ ಐದು ವರ್ಷದ ಮೊಮ್ಮಗನೂ ಇದ್ದರು. ದಾರಿಯಲ್ಲಿ ಎರಡು ಸಲ ವಾಂತಿ. ಬಾಗಿಲು ಮುಟ್ಟಿದಾಗ ಮೊಮ್ಮಗಳು ಗಾಢನಿದ್ರೆಯಲ್ಲಿದ್ದಳು. ಹಣ ಕೊಟ್ಟಾಗಿದೆ ಎಂದು ಎಬ್ಬಿಸಿದೆವು. ಮೊಮ್ಮಗನು ಅರ್ಧ ಗಂಟೆ ಸಾಲಿನಲ್ಲಿ ನಿಂತು, ಎತ್ತರ ಸಾಲದೆಂದು ಹಿಂದಕ್ಕೆ ಬಂದು ಬಿಕ್ಕಿ ಬಿಕ್ಕಿ ಅತ್ತನು. ಸಂಜೆ ಎಲ್ಲರೂ ಬಟ್ಟೆ ಬದಲಿಸುವ ಗಡಿಬಿಡಿಯಲ್ಲಿದ್ದಾಗ ಮೊಮ್ಮಗಳು ಕಾಣದಾದಳು. ಅವಳು ತಾಯಿಯೊಡನೆ ಇರುವಳೆಂದು ನಾವು, ನಮ್ಮೊಡನೆ ಇರುವಳೆಂದು ತಾಯಿ ಭಾವಿಸಿದ್ದೆವು. ಕಾಲು ಗಂಟೆಯ ನಂತರ ಕಾವಲುಗಾರರೊಬ್ಬರ ಕೈಹಿಡಿದು ಬಂದಳು. ಆ ಕಾಲು ಗಂಟೆಯನ್ನು ನಾವು ಇಂದಿಗೂ ಮರೆತಿಲ್ಲ.

ಮನೆ ಸೇರಿದಾಗ ನಡುರಾತ್ರಿ ಒಂದು ಗಂಟೆ. ಮರುದಿನ ಮೊಮ್ಮಗಳಿಗೆ ಜ್ವರ, ನಿತ್ರಾಣ. ವೈದ್ಯರು ಕೇಳಿದ್ದು ಮೂರೇ ಪ್ರಶ್ನೆ: ನಿನ್ನೆ ಮಗು ಎಷ್ಟು ಹೊತ್ತು ನಿದ್ರಿಸಿತು, ಎಷ್ಟು ನೀರು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು? ಜೊತೆಗೆ ಹೋಗಿದ್ದ ಒಂಬತ್ತು ಮಂದಿ ಹಿರಿಯರಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಟಿಕೆಟ್ಟಿಗೆ ಎಷ್ಟಾಯಿತು, ಡೀಸೆಲ್ಲಿಗೆ ಎಷ್ಟಾಯಿತು ಎಂಬುದು ಮಾತ್ರ ಎಲ್ಲರಿಗೂ ನೆನಪಿತ್ತು. ಉದ್ಯಾನದವರದು ತಪ್ಪೇನೂ ಇರಲಿಲ್ಲ. ನಮ್ಮ ಲೆಕ್ಕವೇ ತಪ್ಪಿತ್ತು. ಹಣದ ಲೆಕ್ಕಕ್ಕೆ ದಿನವನ್ನು ಹೊಂದಿಸಿದ್ದೆವು. ಹೊಂದಿಸಬೇಕಾಗಿದ್ದುದು ಮಗುವಿನ ದೇಹಧರ್ಮಕ್ಕೆ.

ಮೊದಲನೆಯದು ನಿದ್ರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ, ಒಂದೆರಡು ವರ್ಷದ ಕೂಸಿಗೆ 11ರಿಂದ 14 ಗಂಟೆ ನಿದ್ರೆ ಬೇಕು. ಹಗಲಿನ ನಿದ್ರೆಯೂ ಇದರಲ್ಲಿ ಸೇರಿದೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ.; ಬಿಡದಿ ಇನ್ನೂ ಮುಂದೆ, ಮೈಸೂರು ರಸ್ತೆಯಲ್ಲಿದೆ. ಹೋಗಿ ಬರುವುದರಲ್ಲಿಯೇ ಹನ್ನೊಂದು-ಹನ್ನೆರಡು ಗಂಟೆ ವಾಹನದಲ್ಲಿ ಕಳೆಯುವುದು. ಬಹುತೇಕ ಉದ್ಯಾನಗಳ ಬಾಗಿಲು ಹತ್ತು-ಹನ್ನೊಂದು ಗಂಟೆಗೆ ತೆರೆಯುತ್ತದೆ; ಒಳಹೊಕ್ಕು ನೆಲೆಯೂರುವಷ್ಟರಲ್ಲಿ ಮಗುವಿನ ಮಧ್ಯಾಹ್ನದ ನಿದ್ರೆಯ ಹೊತ್ತಾಗಿರುತ್ತದೆ. ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಐದು ವರ್ಷದೊಳಗಿನ ಮಗುವಿದ್ದರೆ ಅಷ್ಟು ದೂರದ ಪಯಣವನ್ನು ಒಂದೇ ದಿನದಲ್ಲಿ ಮುಗಿಸುವ ಯೋಚನೆಯನ್ನೇ ಬಿಡಬೇಕು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ವಸತಿಗೃಹದಲ್ಲೋ ತಂಗಬೇಕು. ರೈಲು ಇನ್ನೂ ಉತ್ತಮ. ಮಗು ಮಲಗಬಹುದು, ನಡೆದಾಡಬಹುದು, ಐದು ವರ್ಷದೊಳಗಿನವರಿಗೆ ಪ್ರತ್ಯೇಕ ಆಸನ ಕೇಳದಿದ್ದರೆ ಟಿಕೆಟ್ಟೂ ಬೇಡ. ವಾಹನದಲ್ಲೇ ಹೋಗುವುದಾದರೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಆಸನದಲ್ಲಿ ಕೂರುವುದು ಸಲ್ಲದು. ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಒಮ್ಮೆಲೇ ಬ್ರೇಕು ಬಿದ್ದಾಗ ತಾಯಿಯ ತೋಳು ಎಷ್ಟೇ ಬಿಗಿಯಾಗಿದ್ದರೂ ಸಾಲದು.

ಎರಡನೆಯದು ಎತ್ತರ. ಇಂತಹ ಉದ್ಯಾನಗಳಲ್ಲಿ ಆಟದ ಅರ್ಹತೆಯನ್ನು ಬಹುತೇಕ ಎತ್ತರದಿಂದ ನಿಶ್ಚಯಿಸುತ್ತಾರೆ. 2005ರಲ್ಲಿ ಆರಂಭವಾದ ಬಿಡದಿಯ ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರವೇಶವೇ ಉಚಿತ. ದೊಡ್ಡವರ ರಭಸದ ಆಟಗಳಿಗೆ 140 ಸೆಂ.ಮೀ. ಬೇಕು. ಚೆನ್ನಾಗಿ ಬೆಳೆದ ಮೂರು ವರ್ಷದ ಮಗು ಸುಮಾರು 95 ಸೆಂ.ಮೀ., ಐದು ವರ್ಷದ್ದು ಸುಮಾರು 110 ಸೆಂ.ಮೀ. ಇರುತ್ತದೆ. ಅಂದರೆ ನಮ್ಮ ಪುಟ್ಟವರಿಗೆ ಅಲ್ಲಿನ ಹೆಸರಾಂತ ಆಟಗಳಲ್ಲಿ ಹೆಚ್ಚಿನವು ದಕ್ಕುವುದಿಲ್ಲ. ಈ ನಿಯಮದ ಮೇಲೆ ಕೋಪಗೊಳ್ಳುವುದಾಗಲಿ, ಚಪ್ಪಲಿಯಲ್ಲಿ ಬಟ್ಟೆ ತುರುಕಿ ಎತ್ತರ ತೋರಿಸುವುದಾಗಲಿ ಮಗುವಿನ ಜೀವದೊಡನೆ ಆಡುವ ಆಟ. ಆಸನದ ಬಿಗಿಪಟ್ಟಿ ಇಂತಿಷ್ಟು ಎತ್ತರದ ದೇಹಕ್ಕೆಂದೇ ಅಳೆದು ಮಾಡಿದ್ದು. ಚಿಕ್ಕ ದೇಹ ಅದರಿಂದ ಜಾರಿಬಿಡುತ್ತದೆ. ಹೊರಡುವ ಮುನ್ನ ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಅಳೆಯಿರಿ. ಅದು ಯಾವ ಯಾವ ಆಟವಾಡಬಹುದೆಂದು ಉದ್ಯಾನದವರನ್ನು ಮುಂಚಿತವಾಗಿ ವಿಚಾರಿಸಿ, ಮಗುವಿಗೂ ತಿಳಿಹೇಳಿ. ಮುಂಚೆಯೇ ತಿಳಿದ ನಿರಾಸೆಯನ್ನು ಮಗು ತಾಳಿಕೊಳ್ಳುತ್ತದೆ. ಸಾಲಿನ ಕೊನೆಯಲ್ಲಿ ಎದುರಾದ ನಿರಾಸೆಯನ್ನು ತಾಳಲಾರದು. ಮಗು ಹೆದರಿ ಬೇಡವೆಂದರೆ ಒತ್ತಾಯವೂ ಬೇಡ.

ಮೂರನೆಯದು ಬಿಸಿಲು ಮತ್ತು ನೀರು. ಚಿಕ್ಕ ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬೇಗ ಕಾಯುತ್ತದೆ. ಬೆವರಿ ತಂಪಾಗುವ ಶಕ್ತಿಯೂ ಕಡಿಮೆ. ಆಟದ ಭರದಲ್ಲಿ ಅವು ನೀರು ಕೇಳುವುದನ್ನೇ ಮರೆಯುತ್ತವೆ. ಅರ್ಧ ಗಂಟೆಗೊಮ್ಮೆ ನಾವೇ ನಾಲ್ಕು ಗುಟುಕು ಕುಡಿಸಬೇಕು. ಆರೆಂಟು ಗಂಟೆ ಮೂತ್ರವಾಗದಿದ್ದರೆ, ತುಟಿ ಒಣಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಅದು ನಿರ್ಜಲತೆಯ ಲಕ್ಷಣ. ಮಗು ಮಂಕಾಗಿ, ಮೈ ಸುಡುತ್ತಿದ್ದರೆ ನೆರಳಿಗೊಯ್ದು, ಒದ್ದೆಬಟ್ಟೆಯಿಂದ ಮೈಯೊರೆಸಿ ತಡವಿಲ್ಲದೆ ವೈದ್ಯರ ಬಳಿ ಸಾರಬೇಕು. ಓ.ಆರ್.ಎಸ್. ಪೊಟ್ಟಣ ಜೊತೆಗಿರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಅಂಗಡಿಯಲ್ಲಿ ಆ ಹೆಸರಿಟ್ಟುಕೊಂಡು ಮಾರುತ್ತಿದ್ದ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ, ಅಂತಹವು ಆ ಹೆಸರು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಇನ್ನೊಂದು ಮಾತು. ಅಂಗನವಾಡಿಯ ಮಗುವಿಗೆ ಪರೀಕ್ಷೆಯಿಲ್ಲ. ಎಲ್ಲರೊಡನೆ ಮೇ ತಿಂಗಳ ಭಾನುವಾರವೇ ಹೋಗಬೇಕೆಂಬ ನಿಯಮವನ್ನು ಯಾರು ಮಾಡಿದರು? ನವೆಂಬರಿನಿಂದ ಫೆಬ್ರವರಿಯ ನಡುವಿನ ಒಂದು ಬುಧವಾರ ಹೋದರೆ ಬಿಸಿಲೂ ಕಡಿಮೆ, ಸಾಲೂ ಕಡಿಮೆ. ಮಗುವಿಗೆ ಒಂದು ದಿನದ ಪಾಠ ತಪ್ಪಿದರೆ ಹಾನಿಯೇನೂ ಇಲ್ಲ.

ನಾಲ್ಕನೆಯದು ಆಹಾರ. ನಮ್ಮೂರಿನವರು ಹೊರಟಲ್ಲಿ ಮಂಡಕ್ಕಿ, ಶೇಂಗಾ ಜೊತೆಗಿರಲೇಬೇಕು. ದೊಡ್ಡವರಿಗೆ ಅಡ್ಡಿಯಿಲ್ಲ. ಆದರೆ ಇಡಿಯ ಶೇಂಗಾಬೀಜವಾಗಲಿ ಇಡಿಯ ದ್ರಾಕ್ಷಿಯಾಗಲಿ, ಓಡುತ್ತ ನಗುತ್ತ ಅಳುತ್ತ ತಿನ್ನುವ ಮಗುವಿನ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಮಗುವನ್ನು ಕೂರಿಸಿಯೇ ತಿನ್ನಿಸಬೇಕು. ಇಡ್ಲಿ, ಮೊಸರನ್ನ, ಬಾಳೆಹಣ್ಣು ಸಾಕು. ಹೊರಗಿನ ಆಹಾರವನ್ನು ಒಳಗೆ ಬಿಡದ ಉದ್ಯಾನಗಳುಂಟು. ಮಕ್ಕಳ ಊಟಕ್ಕೆ ವಿನಾಯಿತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಐದನೆಯದು, ಎಲ್ಲಕ್ಕಿಂತ ಗಂಭೀರವಾದುದು, ಕೊಳ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಮರಣ ಹೊಂದಿದರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈಬೀಸುವುದಿಲ್ಲ. ಸದ್ದಿಲ್ಲದೆ ತಳ ಸೇರುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಹೀಗಾಗುತ್ತದೆ. ಕಾವಲುಗಾರರಿದ್ದಾರೆ ಎಂಬ ಭರವಸೆ ಸಾಲದು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬ ಹಿರಿಯರು, ಕೈಯಲ್ಲಿ ಮೊಬೈಲು ಇಲ್ಲದೆ, ಮಗುವಿನೊಡನೆ ನೀರಿನಲ್ಲೇ ಇರಬೇಕು. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಕೂಡದು. ಇದು ಅನ್ಯರ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಕರ್ತವ್ಯ.

ಆರನೆಯದು ಕಳೆದುಹೋಗುವ ಭಯ. ನಮ್ಮ ಅನುಭವ ಕಲಿಸಿದ ಪಾಠವಿದು: ಎಲ್ಲರೂ ನೋಡಿಕೊಳ್ಳುವ ಮಗುವನ್ನು ಯಾರೂ ನೋಡಿಕೊಳ್ಳುವುದಿಲ್ಲ. ಒಂದು ಮಗುವಿಗೆ ಒಂದು ಗಂಟೆಗೆ ಒಬ್ಬರು ಹೊಣೆ. ಹೊಣೆ ಬದಲಾಗುವಾಗ ‘ಇನ್ನು ನಿನ್ನ ಪಾಳಿ’ ಎಂದು ಬಾಯಿಬಿಟ್ಟು ಹೇಳಬೇಕು. ಮಗುವಿನ ತೋಳಿಗೆ ಹಿರಿಯರ ದೂರವಾಣಿ ಸಂಖ್ಯೆ ಬರೆದ ಪಟ್ಟಿ ಕಟ್ಟಿರಿ, ಕಣ್ಣಿಗೆ ಕಾಣುವ ಬಣ್ಣದ ಅಂಗಿ ತೊಡಿಸಿ, ಬೆಳಗ್ಗೆ ಹೊರಡುವಾಗಲೇ ಒಂದು ಭಾವಚಿತ್ರ ತೆಗೆದಿಟ್ಟುಕೊಳ್ಳಿ. ಮಗು ಕಾಣದಾದರೆ ಮೊದಲು ಕೊಳದ ಕಡೆಗೆ ಧಾವಿಸಿ, ಆ ಹೊತ್ತಿಗೇ ಸಿಬ್ಬಂದಿಗೆ ತಿಳಿಸಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಗಳು ಎಲ್ಲರಿಗೂ ಬಾಯಿಪಾಠವಾಗಿರಲಿ.

ಹಿರಿಯರ ಮಾತೂ ಇಲ್ಲಿ ಬರಬೇಕು. ಅಮೆರಿಕದ ವಾಲ್ಟ್ ಡಿಸ್ನಿಯವರು ತಮ್ಮ ಹೆಣ್ಣುಮಕ್ಕಳನ್ನು ಮರದ ಕುದುರೆಯ ಆಟಕ್ಕೆ ಬಿಟ್ಟು, ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದಾಗ, ತಂದೆತಾಯಿ ಮತ್ತು ಮಕ್ಕಳು ಕೂಡಿಯೇ ಆನಂದಿಸುವ ಸ್ಥಳವೊಂದು ಬೇಕೆಂದು ಯೋಚಿಸಿದರಂತೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮ ಮನೆಗಳಲ್ಲಿ ಇಂದಿಗೂ ಅಜ್ಜಿ ಚೀಲಗಳನ್ನು ಕಾಯುತ್ತ ಬೆಂಚಿನ ಮೇಲೆಯೇ ದಿನ ಕಳೆಯುತ್ತಾರೆ. ಅವರ ಮಂಡಿನೋವು, ಮಾತ್ರೆಯ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಗು ಮಲಗುವ ಹೊತ್ತಿನಲ್ಲಿ ಅಜ್ಜಿಗೂ ನೆರಳು, ವಿಶ್ರಾಂತಿ ದೊರೆತರೆ ಇಬ್ಬರಿಗೂ ಆ ದಿನ ಹಿತವಾಗುವುದು.

‘ನಾವು ಚಿಕ್ಕವರಿದ್ದಾಗ ಜಾತ್ರೆಗೆ ಹೋಗಿ ರಾತ್ರಿಯೆಲ್ಲ ತಿರುಗಾಡಲಿಲ್ಲವೇ? ಏನಾಯಿತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಅಂದಿನ ಜಾತ್ರೆಯ ಕ್ರಮವನ್ನು ನೆನೆಯಿರಿ. ಕಮಾನು ಕಟ್ಟಿದ ಬಂಡಿಯಲ್ಲಿ ಹುಲ್ಲು ಹಾಸಿ ಜಮಖಾನ ಹಾಸಿರುತ್ತಿದ್ದರು. ನಿದ್ದೆ ಬಂದ ಮಗುವನ್ನು ಅಲ್ಲಿ ಮಲಗಿಸಿ ಒಬ್ಬರು ಕಾವಲಿರುತ್ತಿದ್ದರು. ಹಸಿದಾಗ ದಾಸೋಹದಲ್ಲಿ ಬಿಸಿ ಅನ್ನ ದೊರೆಯುತ್ತಿತ್ತು. ಬಂಡಿ ಬಿಟ್ಟ ಜಾಗದ ಸುತ್ತ ನಮ್ಮೂರಿನವರೇ ಇರುತ್ತಿದ್ದರು. ಟಿಕೆಟ್ಟು ವ್ಯರ್ಥವಾಗುವುದೆಂದು ಯಾರೂ ಮಗುವನ್ನು ಎಬ್ಬಿಸುತ್ತಿರಲಿಲ್ಲ. ಆ ಬಂಡಿಯ ನೆರಳನ್ನು ನಾವು ಇಂದಿನ ವಿಹಾರಕ್ಕೂ ಒದಗಿಸಬೇಕಾಗಿದೆ.

‘ಇಷ್ಟು ಚಿಕ್ಕ ಮಗುವಿಗೆ ನೆನಪೇ ಉಳಿಯುವುದಿಲ್ಲ, ಕರೆದೊಯ್ಯುವುದೇ ವ್ಯರ್ಥ’ ಎಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ನೆನಪು ಉಳಿಯದಿರಬಹುದು, ಆ ದಿನದ ನಗು ಆ ದಿನಕ್ಕೆ ಸಾರ್ಥಕವೇ. ಆದರೆ ಆ ನಗುವಿಗೆ ಮುನ್ನೂರು ಕಿಲೋಮೀಟರು ಬೇಕಾಗಿಲ್ಲ. ಆನಗೋಡಿನ ಕಿರು ಪ್ರಾಣಿಸಂಗ್ರಹಾಲಯ ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಬೆಳಗ್ಗೆ ಹೋದರೆ ಊಟದ ಹೊತ್ತಿಗೆ ಮನೆ ಸೇರಬಹುದು. ಕುಂದವಾಡ ಕೆರೆಯ ಏರಿ, ದಾವಣಗೆರೆಯ ಗಾಜಿನ ಮನೆ ಇವೆ. ತುಸು ದೂರವಾದರೂ ಸರಿ ಎನ್ನುವವರಿಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲೇ, ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಉಂಟು. ನಮ್ಮ ಹಳ್ಳಿಯ ಬದುಕನ್ನೇ ಶಿಲ್ಪಗಳಲ್ಲಿ ತೋರಿಸುವ ಆ ತಾಣದಲ್ಲಿ ಎತ್ತರ ಅಳೆಯುವವರಿಲ್ಲ. ಎತ್ತು, ಬಂಡಿ, ಬಾವಿಕಟ್ಟೆಗಳನ್ನು ತೋರಿಸಿ ಅಜ್ಜ ಕಥೆ ಹೇಳಬಹುದು, ಮಗು ಕೇಳಬಹುದು.

ಕಳೆದ ಡಿಸೆಂಬರಿನಲ್ಲಿ ನಾವು ಅದೇ ಮೊಮ್ಮಕ್ಕಳನ್ನು ಆನಗೋಡಿಗೆ ಕರೆದೊಯ್ದೆವು. ಒಟ್ಟು ಮೂರು ಗಂಟೆ. ಇನ್ನೂ ನೋಡುವುದು ಉಳಿದಿತ್ತು. ಮೊಮ್ಮಗಳು ಕಣ್ಣುಜ್ಜಿದ್ದನ್ನು ಕಂಡು ಹೊರಟುಬಿಟ್ಟೆವು. ದಾರಿಯಲ್ಲಿ ಅವಳು ತೊಟ್ಟಿಲಲ್ಲಿದ್ದವಳಂತೆ ಮಲಗಿದಳು. ಎದ್ದವಳೇ ‘ನಾಳೇನೂ ಹೋಗೋಣ’ ಎಂದಳು. ದೂರದ ಉದ್ಯಾನದಿಂದ ಮರಳಿದಾಗ ಈ ಮಾತನ್ನು ನಾವು ಕೇಳಿರಲಿಲ್ಲ.

ಭಕ್ತಬಂಧುಗಳೇ, ಮುಂದಿನ ವಿಹಾರಕ್ಕೆ ಹೊರಡುವ ಮುನ್ನ ಆ ವೈದ್ಯರ ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಗು ಎಲ್ಲಿ ಮಲಗುವುದು, ಏನು ಕುಡಿಯುವುದು, ಯಾರು ಅದರ ಬಳಿ ಇರುವರು ಎಂಬುದು ನಿಶ್ಚಯವಾದ ಮೇಲೆಯೇ ವಾಹನವನ್ನು ಗೊತ್ತುಮಾಡಿ. ಮಗು ನಗುತ್ತಿರುವಾಗಲೇ ಮನೆಯ ಕಡೆಗೆ ತಿರುಗಿ. ಉಳಿದ ಆಟಗಳು ಅಲ್ಲಿಯೇ ಇರುತ್ತವೆ. ಮಗು ಬೆಳೆದ ಮೇಲೆ ಹೋಗಿ ಆಡಬಹುದು.