ಕಡ್ಲಿಪಲ್ಯ ಸಿಗದಿದ್ದರೆ ಸೊಸೀನ್ಯಾಕ ಬೈತೀರಿ?

ಡಿಸೆಂಬರ್ ಬಂತಂದ್ರೆ ಸಾಕು, ಫೋನಿನ ತುಂಬ ಅಜ್ಜಿಯರು ಹುಟ್ಟಿಕೊಳ್ಳುತ್ತಾರೆ. ಒಲೆ ಮುಂದೆ ಕೂತ ಅಜ್ಜಿ, ಹೊಗೆಗೆ ಕಣ್ಣು ಒರೆಸಿಕೊಳ್ಳುವ ಅಜ್ಜಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮೊಮ್ಮಗನ ತಾಟಿಗೆ ಹಾಕುವ ಅಜ್ಜಿ. ಕಡ್ಲಿಪಲ್ಯ, ಸೀತನಿ, ಸುಲಗಾಯಿ, ಕುಸಬಿ ಪಲ್ಯ ಅಂತ ಒಂದೊಂದೇ ಹೆಸರು ಹೇಳಿ ಬಾಯಾಗ ನೀರು ತರಿಸಿ, ಬರಹ ಕೊನೆಗೆ ಬಂದು ನಿಲ್ಲುವುದು ಮಾತ್ರ ಯಾವಾಗಲೂ ಒಂದೇ ಕಡೆ: ‘ಈಗಿನ ಹೆಣ್ಮಕ್ಕಳಿಗೆ ಇವೆಲ್ಲಾ ಎಲ್ಲಿ ಬರ್ತಾವ? ಪುರುಸೊತ್ತೂ ಇಲ್ಲ, ಮನಸೂ ಇಲ್ಲ.’

ನನಗೆ ಈ ಕೊನೆಯ ಸಾಲು ಸಾಕಾಗಿದೆ. ಬರೆದವರು ಬಹುತೇಕ ಗಂಡಸರು ಅನ್ನುವುದು ಹಾಗಿರಲಿ. ವಿಜಯಪುರ ಪೇಟೆಯಲ್ಲಿ ಮನೆ, ಬಬಲೇಶ್ವರದ ಕಡೆ ತವರು, ತಿಕೋಟಾದ ಸುತ್ತ ಗಂಡನ ಬಳಗ ಇರುವ ನನ್ನಂಥವಳಿಗೆ ಕಾಣುವುದೇ ಬೇರೆ. ಕಾಲಕ್ಕೆ ತಕ್ಕ ಅಡಿಗೆ ನಮ್ಮಲ್ಲಿ ಕಾಣೆಯಾದದ್ದು ಹೊಲದಲ್ಲಿ. ಒಲೆ ಮುಂದೆ ನಿಂತವಳಿಗೆ ಆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಈಗ ಆರೋಪ ಮಾತ್ರ ಅವಳ ಮೇಲೆ.

ಕಡ್ಲಿಪಲ್ಯವನ್ನೇ ತಗೊಳ್ರಿ. ನಮ್ಮ ಆಯಿ, ಅಂದರೆ ಅವ್ವನ ಅವ್ವ, ಅದನ್ನು ಯಾವ ಪುಸ್ತಕ ನೋಡಿಯೂ ಕಲಿತವಳಲ್ಲ. ಹಿಂಗಾರಿ ಕಡಲೆ ಗೇಣುದ್ದ ಬೆಳೆದಾಗ ಅದರ ಕುಡಿ ಚಿವುಟಬೇಕು. ಚಿವುಟಿದರೆ ಗಿಡ ಮೇಲಕ್ಕೆ ಹೋಗುವುದು ಬಿಟ್ಟು ಪಕ್ಕಕ್ಕೆ ಟಿಸಿಲು ಒಡೆಯುತ್ತದೆ, ಕಾಯಿ ಹೆಚ್ಚು ಹಿಡಿಯುತ್ತದೆ. ಅದು ಹೊಲದ ಕೆಲಸ. ಚಿವುಟಿದ ಕುಡಿ ಉಡಿಯಲ್ಲಿ ಉಳಿಯುತ್ತದಲ್ಲ, ಅದು ಪಲ್ಯ. ಎಲೆಯ ಮೇಲಿನ ಹುಳಿಯೇ ಅದಕ್ಕೆ ಸಾಕು, ಬೇರೆ ಹುಣಸೆ ಬೇಡ. ಕೆಲವರು ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಸೀಸೆಯಲ್ಲಿಟ್ಟು ಹೊಟ್ಟೆನೋವಿಗೆ ಕೊಡುತ್ತಿದ್ದರು. ಉಳಿದ ಕುಡಿಯನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿದರೆ ಬೇಸಗೆಯಲ್ಲಿ, ಕಾಯಿಪಲ್ಯಕ್ಕೆ ಗತಿಯಿಲ್ಲದ ದಿನಗಳಲ್ಲಿ, ಬೇಳೆಯೊಂದಿಗೆ ಕುದಿಯುತ್ತಿತ್ತು.

ಕುಸಬಿ ಪಲ್ಯವೂ ಹಾಗೇ. ಸಾಲಿನಲ್ಲಿ ದಟ್ಟವಾಗಿ ಹುಟ್ಟಿದ ಕುಸಬಿ ಸಸಿ ಕಿತ್ತು ತೆಳುವು ಮಾಡಬೇಕು. ಮುಳ್ಳು ಬರುವ ಮೊದಲು ಕಿತ್ತ ಆ ಸಸಿಯೇ ಪಲ್ಯ. ಹಕ್ಕರಕಿ ಬಿತ್ತಿದವರು ಯಾರೂ ಇಲ್ಲ, ಕಸ ತೆಗೆಯುವಾಗ ಸಿಕ್ಕ ಸೊಪ್ಪು ಅದು, ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿಯುವುದು. ಗೋಳಿಪಲ್ಯವೂ ಕಸವೇ. ಸೀತನಿ ಎಲ್ಲಿಂದ ಬಂತು? ಜೋಳ ಹಾಲುಗಾಳಾದಾಗ ಹಕ್ಕಿ ಕಾಯಲು ಅಟ್ಟ ಹತ್ತಿ, ಕವಣೆ ಬೀಸುತ್ತ ದಿನವೆಲ್ಲ ಹೊಲದಲ್ಲಿ ಕೂತವರಿಗೆ ಹಸಿವಾಗಬೇಕಲ್ಲ. ಎಳೆ ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲವೋ ಶೇಂಗಾ ಹಿಂಡಿಯೋ ಜೊತೆಗಿಟ್ಟು ತಿಂದರು. ಹಸಿ ಕಡಲೆ ಗಿಡ ಕಿತ್ತು ಬೆಂಕಿಗೆ ಹಾಕಿದರೆ ಸುಲಗಾಯಿ.

ಇವುಗಳಲ್ಲಿ ಯಾವುದೂ ಅಡಿಗೆಮನೆಯಲ್ಲಿ ಹುಟ್ಟಿದ್ದಲ್ಲ. ಚಿವುಟುವುದು, ತೆಳುವು ಮಾಡುವುದು, ಕಸ ತೆಗೆಯುವುದು, ಹಕ್ಕಿ ಕಾಯುವುದು, ಈ ನಾಲ್ಕು ಕೆಲಸ ನಿಂತರೆ ಆ ನಾಲ್ಕು ಅಡಿಗೆಯೂ ನಿಲ್ಲುತ್ತವೆ. ಸೊಸೆ ಎಷ್ಟು ಜಾಣೆಯಾಗಿದ್ದರೇನು, ಇಂಜಿನಿಯರಿಂಗ್ ಓದಿದ್ದರೇನು, ಬಿಟ್ಟಿದ್ದರೇನು?

ಇನ್ನು ಆ ಕೆಲಸಗಳು ಯಾಕೆ ನಿಂತವು ಅನ್ನುವುದು. ಇಲ್ಲಿ ಅಜ್ಜಿ-ಬರಹಗಾರರು ಒಂದು ಸುಲಭದ ಹಾದಿ ಹಿಡಿಯುತ್ತಾರೆ: ‘ನೀರು ಬಂತು, ದುಡ್ಡಿನ ಬೆಳೆ ಬಂತು, ರೈತನಿಗೆ ಆಸೆ ಹೆಚ್ಚಾಯ್ತು.’ ಈ ಮಾತು ನನಗೆ ಇನ್ನೂ ಸಿಟ್ಟು ತರಿಸುತ್ತದೆ. 1876-77ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ನಮ್ಮದೇ ಸೀಮೆ, ಮುಂಬೈ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಭಾಗಗಳಲ್ಲೊಂದು. ಅಷ್ಟು ಹಿಂದೆ ಯಾಕೆ, 1972ರ ಬರ ಕಂಡವರು ಇನ್ನೂ ನಮ್ಮ ಕಟ್ಟೆಗಳ ಮೇಲೆ ಕೂತಿದ್ದಾರೆ, ಕೇಳಿ ನೋಡಿ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅಂತ ಗಾದೆ ಹೇಳಿ ಹೆಮ್ಮೆ ಪಡುತ್ತೇವಲ್ಲ, ಹರಿಯದ ವರ್ಷ ಓಣಿಯಲ್ಲಿ ಏನಿತ್ತು ಅಂತ ಆ ಗಾದೆ ಹೇಳುವುದಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ಹೊಲಗಳ ಕಡೆ ಬಂದದ್ದು ನಮ್ಮ ತಲೆಮಾರಿನ ದೊಡ್ಡ ಸಂಗತಿ. ಅದನ್ನು ಬೇಡ ಅನ್ನುವವರು ಒಂದು ಬೇಸಗೆ ಕೊಡ ಹೊತ್ತು ತೋರಿಸಲಿ.

ತಿಕೋಟಾದ ಸುತ್ತ ದ್ರಾಕ್ಷಿ ಪಡ ಹಾಕಿದವರೂ ಆಸೆಬುರುಕರಲ್ಲ. ಏಪ್ರಿಲ್‌ದಾಗ ಒಮ್ಮೆ ಚಾಟನಿ, ಅಕ್ಟೋಬರಿನಲ್ಲಿ ಇನ್ನೊಮ್ಮೆ, ನಡುವೆ ಎಣ್ಣೆ ಹೊಡೆಯುವ ಲೆಕ್ಕವೇ ಇಲ್ಲ. ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಮೇಲೆ ಒಂದು ಅಡ್ಡಮಳೆ ಬಿತ್ತೆಂದರೆ ವರ್ಷದ ಗಂಜಿ ಹೋಯಿತು. ಅಷ್ಟು ಸಾಲ ತಲೆ ಮೇಲಿಟ್ಟುಕೊಂಡವನ ಹತ್ತಿರ ಹೋಗಿ ‘ಬದುವಿನ ಮ್ಯಾಲ ಹಕ್ಕರಕಿ ಬೆಳೀಲಿ ಬಿಡಪ್ಪಾ, ಕಸದ ಎಣ್ಣಿ ಹೊಡೀಬ್ಯಾಡ’ ಅಂದರೆ ಅವನು ನಕ್ಕಾನು. ದ್ರಾಕ್ಷಿಗೂ ಅದರದ್ದೇ ಕಾಲ ಇದೆ, ನಿಜ. ಆದರೆ ಆ ಕಾಲ ನಮ್ಮ ಅಡಿಗೆಮನೆಗೆ ಬರುವುದು ಪಾಯಸದ ನಾಕು ಮಣೂಕದಲ್ಲಿ ಮಾತ್ರ.

ಕಡಲೆ ಜಿಲ್ಲೆಯಿಂದೇನೂ ಓಡಿಹೋಗಿಲ್ಲ, ಮೈಲಿಗಟ್ಟಲೆ ನಿಂತಿದೆ. ಆದರೆ ಕಾಯಿಕೊರಕ ಹುಳಕ್ಕೆ ಔಷಧ ಬೀಳುವ ಹೊಲದಲ್ಲಿ ಕುಡಿ ಚಿವುಟಿ ತಂದು ಮಕ್ಕಳಿಗೆ ತಿನ್ನಿಸುವ ಧೈರ್ಯ ಯಾವ ತಾಯಿಗಿದೆ? ಒಂದೇ ಹೊಲದಲ್ಲಿ ಜೋಳ, ನಡುನಡುವೆ ಕುಸಬಿ, ಕಡಲೆ, ಅಗಸಿಯ ಸಾಲು ಇದ್ದಾಗ ಕೆಲಸದ ಜೊತೆಗೆ ಪಲ್ಯ ಬರುತ್ತಿತ್ತು. ಬರೀ ಕಡಲೆ, ಬರೀ ಕಬ್ಬು ಆದಮೇಲೆ ಚೀಲ ಬರುತ್ತವೆ, ಟ್ರ್ಯಾಕ್ಟರ್ ಬರುತ್ತವೆ. ಉಡಿಯಲ್ಲಿ ಏನೂ ಬರುವುದಿಲ್ಲ.

ಜೋಳದ್ದು ಎಲ್ಲಕ್ಕಿಂತ ದೊಡ್ಡ ವ್ಯಥೆ. ನಮ್ಮ ರೊಟ್ಟಿಗೆ ಬೇಕಾದದ್ದು ಹಿಂಗಾರಿ ಮಾಲದಂಡಿ. ಮಳೆ ಹಿಂದೆ ಸರಿಯುವಾಗ ಬಿತ್ತಿ, ಕರಿಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆ ಬೆಳೆದು, ಮುತ್ತಿನಂಥ ಕಾಳು ಕೊಡುವ ಜೋಳ. ಇಳುವರಿ ಹೈಬ್ರಿಡ್ಡಿಗಿಂತ ಕಡಿಮೆ. ಅದನ್ನು ಬೇರುಸಹಿತ ಕೈಯಿಂದ ಕೀಳಬೇಕು. ಜೋಳ ಕಿತ್ತ ಅಂಗೈ ನೋಡಿದವರಿಗೆ ಯಾಕೆ ಆಳು ಸಿಗುವುದಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಕಷ್ಟದ ಕಾಳಿಗೆ ಕೇಂದ್ರ ಸರ್ಕಾರ ಕಟ್ಟಿದ ಹೆಚ್ಚುವರಿ ಬೆಲೆ ಎಷ್ಟು ಗೊತ್ತೇ? 2024-25ರ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,371 ರೂಪಾಯಿ, ಮಾಲದಂಡಿಗೆ 3,421. ವ್ಯತ್ಯಾಸ 50 ರೂಪಾಯಿ. ಅದರ ಹಿಂದಿನ ವರ್ಷ 45 ಇತ್ತು. ಒಂದು ಕಿಲೋಕ್ಕೆ ಎಂಟಾಣೆ! ಎರಡೂ ಜೋಳದ ಹಿಟ್ಟನ್ನು ಒಮ್ಮೆ ನಾದಿದವಳನ್ನು ಕೇಳಿದ್ದರೆ ಈ ಲೆಕ್ಕ ಬರೆಯುವ ಕೈ ನಡುಗುತ್ತಿತ್ತು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ. ಆ ವರ್ಷ ನಾವು ಸಾವೆಯ ಕೇಕು ನೋಡಿದೆವು, ನವಣೆಯ ಪಿಜ್ಜಾ ನೋಡಿದೆವು. ಜಗತ್ತಿನ ಲೆಕ್ಕದಲ್ಲಿ ಜೋಳವೂ ಅದೇ ಪಂಕ್ತಿಯದು ಅನ್ನುವುದು ಮಳಿಗೆ ಹಾಕಿದ ಎಷ್ಟೋ ಜನರಿಗೆ ನೆನಪಿದ್ದಂತಿರಲಿಲ್ಲ.

ಮತ್ತೆ ರೇಷನ್. ನಾನು ಅನ್ನಭಾಗ್ಯಕ್ಕೆ ವಿರೋಧಿ ಅಂತ ಯಾರೂ ತಿಳಿಯಬಾರದು. 2013ರಲ್ಲಿ ಅದು ಬಂದಾಗ ಕೂಲಿಗೆ ಹೋಗುವ ಮನೆಗಳಲ್ಲಿ ಬಂದ ನಿಶ್ಚಿಂತೆಯನ್ನು ನಾನು ಕಂಡಿದ್ದೇನೆ. ಹಸಿದವರಿಗೆ ಅಕ್ಕಿ ಕೊಟ್ಟರೆ ಸೋಮಾರಿಗಳಾಗುತ್ತಾರೆ ಅಂದವರ ಜೊತೆ ನಾನು ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ. ನನ್ನ ತಕರಾರು ಚೀಲದೊಳಗಿನ ಕಾಳಿನದು. ನಮ್ಮ ಆಯಿಯ ಮನೆಯಲ್ಲಿ ಅನ್ನ ಅಂದರೆ ಹಬ್ಬ, ಇಲ್ಲವೇ ಜ್ವರ. ಜೋಳದ ಸೀಮೆಯ ಬಡವರಿಗೆ ವರ್ಷಾನುಗಟ್ಟಲೆ ಮುಖ್ಯವಾಗಿ ಅಕ್ಕಿಯನ್ನೇ ಕೊಟ್ಟು (ಆಗೀಗ ಜೋಳ ಬಂದದ್ದುಂಟು), ಆಮೇಲೆ ‘ಇವರು ರೊಟ್ಟಿ ಮರೆತರು’ ಅಂದರೆ ಹೇಗೆ? ಪುಕ್ಕಟೆ ಅಕ್ಕಿ ಮನೆಯಲ್ಲಿರುವಾಗ ಜೋಳ ಕೊಂಡು, ಗಿರಣಿಗೆ ಹೋಗಿ, ಬಡಿದು ಬೇಯಿಸು ಅಂತ ಬೆಳಗ್ಗೆ ಏಳಕ್ಕೆ ಕೂಲಿಗೆ ಹೊರಡುವವಳಿಗೆ ಹೇಳುವ ಹಕ್ಕು ಯಾರಿಗಿದೆ?

ಇತ್ತ ಪೇಟೆಯಲ್ಲಿ ನೋಡಿದರೆ ರೊಟ್ಟಿ ಊಟ ಭರ್ಜರಿ. ವಿಜಯಪುರದಲ್ಲಿ, ಬೆಂಗಳೂರಿನಲ್ಲಿ, ಹೈವೇ ಬದಿಯಲ್ಲಿ ‘ಉತ್ತರ ಕರ್ನಾಟಕ ಶೈಲಿ’ ಅನ್ನುವ ಬೋರ್ಡು. ತಾಟಿನಲ್ಲಿ ಜನವರಿಗೂ ಎಣ್ಣೆಗಾಯಿ, ಜೂನಿಗೂ ಎಣ್ಣೆಗಾಯಿ, ಸಂಕ್ರಾಂತಿಯ ಶೇಂಗಾ ಹೋಳಿಗೆ ಆಷಾಢದಲ್ಲೂ. ಊಟ ರುಚಿಯಾಗಿಯೇ ಇರುತ್ತದೆ, ನಾನೂ ಉಂಡಿದ್ದೇನೆ. ಹೆಣ್ಣುಮಕ್ಕಳ ಗುಂಪುಗಳು ಖಡಕ್ ರೊಟ್ಟಿ ಕಟ್ಟಿ ಮಾರಿ ನಾಲ್ಕು ಕಾಸು ಕಾಣುತ್ತಿವೆ, ಅದಂತೂ ಒಳ್ಳೆಯದೇ. ಆದರೆ ವರ್ಷಪೂರ್ತಿ ಒಂದೇ ತಾಟು ಬಡಿಸಿ ಅದಕ್ಕೆ ‘ಅಜ್ಜಿಯ ಅಡಿಗೆ’ ಅನ್ನಬೇಡಿ. ಅಜ್ಜಿ ಹಾಗೆ ಉಂಡೇ ಇಲ್ಲ. ಮೇ ತಿಂಗಳಲ್ಲಿ ಆಯಿಯ ತಾಟಿನಲ್ಲಿ ಇದ್ದದ್ದು ಜೋಳದ ನುಚ್ಚು, ಮಜ್ಜಿಗೆ, ಒಂದು ಉಳ್ಳಾಗಡ್ಡಿ, ಕಡ್ಲಿಹಿಟ್ಟಿದ್ದರೆ ಝುಣಕ, ಇಲ್ಲದಿದ್ದರೆ ಗುರೆಳ್ಳು ಹಿಂಡಿ. ಕಾಲಕ್ಕೆ ತಕ್ಕ ಊಟ ಅಂದರೆ ಅದೂ ಸೇರಿಯೇ. ಸೀತನಿಯ ನೆನಪು ಬರೆಯುವವರು ನುಚ್ಚಿನ ನೆನಪು ಯಾಕೆ ಬರೆಯುವುದಿಲ್ಲ?

ಬರೆಯದಿರುವುದಕ್ಕೆ ಕಾರಣ ಇದೆ. ಈ ನೆನಪುಗಳೆಲ್ಲ ಉಂಡವರ ನೆನಪುಗಳು. ಮಾಡಿದವರದ್ದಲ್ಲ. ಆಯಿ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುವವರ ಬುತ್ತಿಗೆ ರೊಟ್ಟಿ ಬಡಿದು, ತಾನೂ ಹೊಲಕ್ಕೆ ಹೋಗಿ, ಬಂದು ಮತ್ತೆ ಒಲೆ ಹಚ್ಚುತ್ತಿದ್ದಳು. ಕಡೆಗೆ ಉಣ್ಣುತ್ತಿದ್ದವಳು ಅವಳೇ, ಉಳಿದದ್ದನ್ನು. ಅವಳ ಕೈರುಚಿಯನ್ನು ಹೊಗಳಿದವರು ಮನೆತುಂಬ ಇದ್ದರು. ‘ಇವತ್ತು ನೀ ಕುಂದರು, ನಾ ಬಡೀತೀನಿ’ ಅಂದ ಗಂಡಸು ಒಬ್ಬನೂ ಇರಲಿಲ್ಲ. ಅವಳಿಗೆ ಒಮ್ಮೆ ಕೇಳಿದ್ದೆ, ನಿನಗೆ ಎಲ್ಲಕ್ಕಿಂತ ಇಷ್ಟದ ಊಟ ಯಾವುದು ಅಂತ. ಯೋಚನೆಯನ್ನೇ ಮಾಡದೆ ಅಂದಳು: ‘ಮಂದಿ ಮನಿಯಾಗ ಉಂಡದ್ದವ್ವಾ.’

ಇನ್ನೂ ಒಂದು ಮಾತು, ಯಾರೂ ಎತ್ತದ್ದು. ಸೀತನಿಗೆ ಕರೆಯುತ್ತಿದ್ದವರು ಹೊಲ ಇದ್ದವರು. ಹೋಗುತ್ತಿದ್ದವರು ಅವರ ಬೀಗರು, ಗೆಳೆಯರು, ಊರಿನ ಮಾಸ್ತರರು. ಹೊಲ ಇಲ್ಲದವರಿಗೂ ಅದೇ ಜೋಳದಲ್ಲಿ ಒಂದು ಪಾಲಿತ್ತು: ರಾಶಿಯಾದ ಮೇಲೆ ಹೊಲದಲ್ಲಿ ಬಿದ್ದ ತೆನೆ ಆಯುವುದು, ಹಕ್ಕಲು. ಯಂತ್ರ ಬಂದ ಹೊಲದಲ್ಲಿ ಆ ಹಕ್ಕಲೂ ಇಲ್ಲ. ಆಯ್ದು ತಿಂದವರು ತಮ್ಮ ಊಟದ ಬಗ್ಗೆ ಬರೆದರೆ ಅದು ಅಜ್ಜಿಯ ಬೆಣ್ಣೆರೊಟ್ಟಿಯ ಹಾಗೆ ಇರುವುದಿಲ್ಲ. ಅಂಥ ಬರಹ ಹತ್ತು ಬರಲಿ, ನಾನು ಓದಲು ತಯಾರಿದ್ದೇನೆ.

ಹಾಗಾದರೆ ಏನು ಮಾಡಬೇಕಂತೀ ಅಂತ ಕೇಳುವಿರಿ. ಮಾಲದಂಡಿಗೂ ಹೈಬ್ರಿಡ್ಡಿಗೂ ನಡುವಿನ ಆ 50 ರೂಪಾಯಿಯ ಬಗ್ಗೆ ನಮ್ಮ ಶಾಸಕರು, ಸಂಸದರು ಬಾಯಿ ಬಿಡಲಿ. ನಮ್ಮ ಸೀಮೆಯ ರೇಷನ್ನಿನಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ನಮ್ಮದೇ ಹಿಂಗಾರಿ ಜೋಳ ಆಗೊಮ್ಮೆ ಈಗೊಮ್ಮೆ ಅಲ್ಲದೆ ತಪ್ಪದೆ ಬರಲಿ. ಜೋಳ ಕೀಳುವ ಸಣ್ಣ ಯಂತ್ರ ಸಣ್ಣ ರೈತನ ಕೈಗೆಟುಕುವ ಹಾಗೆ ಬರಲಿ, ದ್ರಾಕ್ಷಿಗೆ ಡ್ರಿಪ್ಪು ಬಂದಿಲ್ಲವೇ? ಹಿಟ್ಟಿನಹಳ್ಳಿಯಲ್ಲಿ ಕೃಷಿ ಕಾಲೇಜು, ಸಂಶೋಧನಾ ಕೇಂದ್ರ ಎರಡೂ ಇವೆ, ವಿಜಯಪುರಕ್ಕೆ ಒಣಬೇಸಾಯದ ಸಂಶೋಧನೆ ಬಂದದ್ದು 1930ರ ದಶಕದಲ್ಲೇ. ಅಲ್ಲಿಂದ ಇದನ್ನು ಕೇಳುವುದು ಅತಿಯಾಸೆ ಅಲ್ಲ. ಇವೆಲ್ಲ ದೊಡ್ಡವರ ಕೆಲಸ ಅಂತೀರೇನು? ಸರಿ, ನಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ.

ಚಳಿಗಾಲದಲ್ಲಿ ಹಳ್ಳಿಗಳಿಂದ ಪೇಟೆಯ ಸಂತೆಗೆ ಹೆಣ್ಣುಮಕ್ಕಳು ಕಡ್ಲಿಪಲ್ಯ ತಂದು ಗೋಣಿತಾಟಿನ ಮೇಲೆ ಗುಂಪಿ ಹಾಕಿ ಕೂಡುತ್ತಾರೆ. ಔಷಧ ಹೊಡೆಯದ ಹೊಲ ಹುಡುಕಿ, ಬೆರಳು ಸೀಳುವ ಹಾಗೆ ಚಿವುಟಿ ತಂದದ್ದು. ಹೈವೇ ಹೋಟೆಲಿನಲ್ಲಿ ಬಿಲ್ಲು ನೋಡದೆ ಕೊಟ್ಟು ಬಂದವರೇ ಇಲ್ಲಿ ಒಂದು ಗುಂಪಿಗೆ ‘ಐದ್ರೂಪಾಯಿ ಕಮ್ಮಿ ಮಾಡು’ ಅಂತ ಜಗ್ಗಾಡುವುದನ್ನು ವರ್ಷವೂ ನೋಡುತ್ತೇನೆ. ಅದರಲ್ಲಿ ಅಜ್ಜಿಯ ಬಗ್ಗೆ ಬರೆಯುವವರೂ ಇದ್ದಾರೆ, ಗುರುತು ಸಿಗುತ್ತದೆ.

ಈ ಸಲದ ಎಳ್ಳಮಾಸಿಗೆ ನೀವು ಯಾರದ್ದಾದರೂ ಹೊಲಕ್ಕೆ ಚರಗ ಚೆಲ್ಲಲು ಹೋಗೇ ಹೋಗುತ್ತೀರಿ. ಸಜ್ಜಿರೊಟ್ಟಿ, ಕಡುಬು, ಪುಂಡಿಪಲ್ಯದ ಫೋಟೋ ತೆಗೆಯುತ್ತೀರಿ, ತೆಗೀರಿ. ಬರೆಯಲು ಕೂಡುವ ಮೊದಲು ಎರಡು ಪ್ರಶ್ನೆ ಕೇಳಿಕೊಂಡು ಬನ್ನಿ. ಹೊಲದವನಿಗೆ: ಹೋದ ವರ್ಷ ಜೋಳ ಎಷ್ಟಕ್ಕ ಹೋತು? ಬುತ್ತಿ ಕಟ್ಟಿದವಳಿಗೆ: ಯಕ್ಕಾ, ಎಷ್ಟಕ್ಕ ಎದ್ದಿ? ಎರಡೂ ಉತ್ತರ ಫೋಟೋದ ಕೆಳಗೆ ಬರೀರಿ.