ರವಿಕೆ ಹೊಲಿಯಲು ಪ್ರೊಜೆಕ್ಟರ್ ಬೇಕೇ?



ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಪ್ರೌಢಶಾಲೆಯ ಮೂರು ವರ್ಷವೂ ನನ್ನಲ್ಲಿ ಗಣಿತ ಕಲಿತವಳು. ಇದೇ ಮೇಲೂರಿಗೆ ಸೊಸೆಯಾಗಿ ಬಂದು, ಪಡಸಾಲೆಯಲ್ಲಿ ಯಂತ್ರವಿಟ್ಟುಕೊಂಡು, ಹತ್ತು ವರ್ಷಗಳಿಂದ ಊರಿನ ಹೆಂಗಸರ ರವಿಕೆಗಳನ್ನೂ ಮಕ್ಕಳ ಸಮವಸ್ತ್ರಗಳನ್ನೂ ಹೊಲಿಯುತ್ತಿದ್ದಾಳೆ. ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಮೇಜಿನ ಮೇಲೆ ಬಟ್ಟೆ ಹಾಸಿದೆ. ಸೂರಿನಿಂದ ಬೆಳಕು ಬೀಳುತ್ತಿದೆ. ಆ ಬೆಳಕಿನಲ್ಲಿ ಉಡುಪಿನ ಮುಂಭಾಗ, ಹಿಂಭಾಗ, ತೋಳು ಎಲ್ಲವೂ ಗೆರೆಗಳಾಗಿ ಮೂಡಿವೆ. ಟೇಪಿಲ್ಲ, ಸೀಮೆಸುಣ್ಣವಿಲ್ಲ, ಗೆರೆಯ ಮೇಲೆ ಕತ್ತರಿ ಓಡಿಸಿದರಾಯಿತು.

"ಮೇಡಂ, ಹದಿನಾಲ್ಕು ಸಾವಿರ ಹೇಳ್ತಾರೆ. ಸಂಘದಲ್ಲಿ ಸಾಲ ಎತ್ತಿ ತಗೊಳ್ಳೋಣ ಅಂತಿದ್ದೀನಿ. ನೀವೇನಂತೀರಿ?" ಎಂದಳು.

ಬೇಡ ಎಂದೆ. ಈ ಸುದ್ದಿ ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯ ಮಗಳಿಗೆ ಹೇಗೋ ತಲುಪಿತು. ಅವಳು ಇಂಥದೇ ಯಂತ್ರವನ್ನಿಟ್ಟುಕೊಂಡು ತನ್ನ ಮಕ್ಕಳಿಗೆ ಫ್ರಾಕು, ಪೈಜಾಮ ಹೊಲಿಯುವವಳು. "ದೊಡ್ಡಮ್ಮ, ಕಣ್ಣಲ್ಲೇ ನೋಡದೆ ಬೇಡ ಅಂದುಬಿಟ್ರಲ್ಲ!" ಎಂದು ಫೋನಿನಲ್ಲಿ ಜಗಳವಾಡಿದಳು. ಜಗಳದಲ್ಲಿ ನ್ಯಾಯವಿತ್ತು. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಯಂತ್ರವನ್ನೂ ಹೊತ್ತು ತಂದಳು. ಮೂವರೂ ಸೇರಿ ನಮ್ಮ ಊಟದ ಮೇಜಿನ ಮೇಲೆ ಎರಡು ದಿನ ಪ್ರಯೋಗ ಮಾಡಿದೆವು. ಈಗ ನೋಡಿದ ಮೇಲೂ ಹೇಳುತ್ತೇನೆ: ನನ್ನ ಶಿಷ್ಯೆಗೆ, ಮತ್ತು ನಮ್ಮ ಸೀಮೆಯಲ್ಲಿ ಮನೆಯಲ್ಲೇ ಹೊಲಿಯುವ ಅವಳಂಥ ನೂರಾರು ಹೆಣ್ಣುಮಕ್ಕಳಿಗೆ, ಈ ಯಂತ್ರ ಬೇಡ. ಕಾರಣಗಳನ್ನು ಬರೆಯದೆ ತೀರ್ಪು ಮಾತ್ರ ಕೊಟ್ಟರೆ ಅದು ಮೇಷ್ಟರಿಕೆಯ ದರ್ಪವಾದೀತು. ಆದ್ದರಿಂದ ಈ ಬರಹ.

ಮೊದಲು ಈ ಯಂತ್ರ ಎಲ್ಲಿಯದು, ಯಾರ ಕಷ್ಟಕ್ಕೆ ಹುಟ್ಟಿತು ಎಂಬುದನ್ನು ನೋಡೋಣ. ಪಾಶ್ಚಾತ್ಯರಲ್ಲಿ ಮನೆಯಲ್ಲಿ ಹೊಲಿಯುವವರು ಅಚ್ಚಾದ ಪ್ಯಾಟರ್ನನ್ನು, ಅಂದರೆ ನಮ್ಮವರು 'ಪೇಪರ್ ಕಟಿಂಗ್' ಎನ್ನುವುದನ್ನು, ಅಂಗಡಿಯಿಂದ ಕೊಂಡು ತರುವುದು ವಾಡಿಕೆ. ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿಯು 1863ರಲ್ಲಿ ಬೇರೆಬೇರೆ ಅಳತೆಗಳ ಕಾಗದದ ಪ್ಯಾಟರ್ನುಗಳನ್ನು ಮಾರಲು ತೊಡಗಿದ. ಜರ್ಮನಿಯಲ್ಲಿ ಏನ್ನೆ ಬುರ್ಡಾ ಎಂಬಾಕೆ 1950ರಲ್ಲಿ ಆರಂಭಿಸಿದ ಪತ್ರಿಕೆಯು ಮುಂದೆ ಪ್ಯಾಟರ್ನಿನ ಹಾಳೆಗಳನ್ನು ಪತ್ರಿಕೆಯೊಳಗೇ ಮಡಿಸಿಟ್ಟು ಮನೆಮನೆಗೆ ಮುಟ್ಟಿಸಿತು. ಅಂತರಜಾಲ ಬಂದ ಮೇಲೆ ಈ ಪ್ಯಾಟರ್ನುಗಳು ಪಿ.ಡಿ.ಎಫ್. ಕಡತಗಳಾದವು. ಅಲ್ಲಿ ಹೊಸದೊಂದು ಕಷ್ಟ ಹುಟ್ಟಿತು. ಒಂದು ಉದ್ದನೆಯ ಫ್ರಾಕಿನ ಕಡತವನ್ನು ಮನೆಯಲ್ಲಿ ಮುದ್ರಿಸಿದರೆ ಎ4 ಅಳತೆಯ ಮೂವತ್ತು, ನಲವತ್ತು ಹಾಳೆಗಳಾಗುತ್ತವೆ. ನೆಲದ ಮೇಲೆ ಮಂಡಿಯೂರಿ ಅವನ್ನೆಲ್ಲ ಅಂಟಿಸಬೇಕು, ಕತ್ತರಿಸಬೇಕು. ಮಗು ಒಂದು ಅಳತೆ ಬೆಳೆದೊಡನೆ ಮತ್ತೆ ಮುದ್ರಿಸಬೇಕು. ಈ ಅಂಟಿಸುವ ಪಾಡಿನಿಂದ ಪಾರಾಗಲು, ಚಲನಚಿತ್ರ ನೋಡುವ ಪ್ರೊಜೆಕ್ಟರನ್ನೇ ಸೂರಿಗೆ ತಲೆಕೆಳಗಾಗಿ ತಗುಲಿಸಿ, ಕಡತವನ್ನು ನೇರವಾಗಿ ಬಟ್ಟೆಯ ಮೇಲೆ ಬೀಳಿಸುವ ಉಪಾಯವನ್ನು ಕಂಡುಕೊಂಡರು. ಬುದ್ಧಿವಂತರ ಉಪಾಯ, ನನಗೆ ಮೆಚ್ಚುಗೆಯೇ ಇದೆ.

ಆದರೆ ನನ್ನ ಶಿಷ್ಯೆ ಹತ್ತು ವರ್ಷಗಳಲ್ಲಿ ಒಂದಾದರೂ ಹಾಳೆಯನ್ನು ಅಂಟಿಸಿದ್ದಾಳೆಯೇ? ಕೇಳಿದೆ, ನಕ್ಕಳು. ಅವಳ ಬಳಿಗೆ ಬರುವವರು ತರುವುದು ಪಿ.ಡಿ.ಎಫ್. ಕಡತವನ್ನಲ್ಲ, ರವಿಕೆ ಕಣವನ್ನು. ಜೊತೆಗೆ ಸರಿಯಾಗಿ ಕೂರುವ ಒಂದು ಹಳೆಯ ಅಳತೆ ರವಿಕೆಯನ್ನು. ಅವಳು ಅಳತೆ ರವಿಕೆಯನ್ನು ಹಾಸಿ, ಟೇಪು ಹಿಡಿದು, ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಭಾಗಕ್ಕೆ ಸಡಿಲವನ್ನೂ ಹೊಲಿಗೆಯ ಅಂಚನ್ನೂ ಕೂಡಿಸಿ, ಬಟ್ಟೆಯ ಮೇಲೇ ಗೆರೆಯೆಳೆಯುತ್ತಾಳೆ. ಕಾಯಂ ಗಿರಾಕಿಗಳದ್ದಾದರೆ ಖಾಕಿ ಕಾಗದದಲ್ಲಿ ಕತ್ತರಿಸಿದ ಪೇಪರ್ ಕಟಿಂಗ್ ಗೋಡೆಯ ಮೊಳೆಗೆ ತೂಗುಬಿದ್ದಿರುತ್ತದೆ, ಮೇಲೆ ಮನೆಯ ಹೆಸರು ಬರೆದು. ಒಂದು ಹಾಳೆ ಐದಾರು ವರ್ಷ ಬಾಳುತ್ತದೆ. ಯಾವ ಕಷ್ಟ ನಮಗೆ ಇಲ್ಲವೋ ಅದರ ಪರಿಹಾರಕ್ಕೆ ಹದಿನಾಲ್ಕು ಸಾವಿರ ತೆರುವುದೇಕೆ?

"ಕಡತ ಕೊಂಡ್ಕೊಂಡ್ರೆ ಹೊಸ ಹೊಸ ಡಿಸೈನ್ ಬರುತ್ತಲ್ಲ, ದೊಡ್ಡಮ್ಮ" ಎಂದಳು ತಂಗಿಯ ಮಗಳು. ಬರುತ್ತದೆ, ನಿಜ. ಆದರೆ ಆ ಕಡತ ಯಾರ ಮೈಗೆ ಬರೆದದ್ದು? ಹೊರದೇಶದ ಕಂಪನಿಗಳು ತಮ್ಮ ತಮ್ಮ ಅಳತೆಪಟ್ಟಿಗೆ ಬರೆದವು. ನಮ್ಮವರ ಮೈಯ ಅಳತೆಪಟ್ಟಿಯನ್ನು ಸಿದ್ಧಪಡಿಸಲೆಂದು ನಿಫ್ಟ್ ಸಂಸ್ಥೆಯು 'ಇಂಡಿಯಾ ಸೈಜ್' ಎಂಬ ಸಮೀಕ್ಷೆಯನ್ನು ಕೈಗೊಂಡದ್ದೇ ಇತ್ತೀಚಿನ ವರ್ಷಗಳಲ್ಲಿ. ಅದೂ ಆರು ನಗರಗಳಲ್ಲಿ, ಬೆಂಗಳೂರೂ ಸೇರಿ. (ಮೇಲೂರಿಗೆ ಅವರು ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.) ಸಡಿಲ ಫ್ರಾಕಾದರೆ ಅರ್ಧ ಅಂಗುಲ ಆಚೀಚೆಯಾದರೂ ನಡೆದೀತು. ಸೀರೆಯ ರವಿಕೆ ಹಾಗಲ್ಲ. ಹಿಗ್ಗದ ಬಟ್ಟೆಯಲ್ಲಿ ಮೈಗೆ ಅಂಟಿದಂತೆ ಕೂರಬೇಕು, ಕೈಯೆತ್ತಿದರೆ ಕಂಕುಳಲ್ಲಿ ಹಿಡಿಯಬಾರದು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಇಪ್ಪತ್ತು ವರ್ಷ ದುಡಿದ ಗಿರಾಕಿಯೊಬ್ಬರ ಬಲಹೆಗಲು ಎಡಹೆಗಲಿಗಿಂತ ಅರ್ಧ ಅಂಗುಲ ಇಳಿದಿದೆ. ಅದು ಶಿಷ್ಯೆಯ ಬೆರಳಿಗೆ ಗೊತ್ತು, ಮೊಳೆಗೆ ತೂಗುಬಿದ್ದ ಕಾಗದಕ್ಕೆ ಗೊತ್ತು. ಕಡತಕ್ಕೆ ಎರಡು ಹೆಗಲೂ ಒಂದೇ.

ಇನ್ನು ಗಣಿತ. ನಿವೃತ್ತಳಾದರೂ ಇದನ್ನು ಬಿಡಲಾರೆ, ಶಿಷ್ಯರು ಕ್ಷಮಿಸಬೇಕು.

ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳನ್ನು ನೆನೆಯಿರಿ. ಪ್ರೊಜೆಕ್ಟರು ಮೇಜಿನಿಂದ ಎಷ್ಟು ಎತ್ತರದಲ್ಲಿದೆಯೋ ಚಿತ್ರವೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ನಾವು ಕಪಾಟಿನ ಮೇಲಿಂದ ಹಲಗೆ ಚಾಚಿ ಅದನ್ನು 150 ಸೆಂ.ಮೀ. ಎತ್ತರದಲ್ಲಿ ಕೂರಿಸಿದೆವು. ಅದು ಒಂದೂವರೆ ಸೆಂ.ಮೀ. ಜಾರಿದರೆ ಚಿತ್ರ ನೂರಕ್ಕೆ ಒಂದರಷ್ಟು ಕಿರಿದಾಯಿತು. ನೂರಕ್ಕೆ ಒಂದು ಎಂದರೆ ಅಲ್ಪವೆನಿಸುತ್ತದೆ. 36 ಅಂಗುಲದ ಎದೆಯಳತೆಯಲ್ಲಿ ಅದು 0.36 ಅಂಗುಲ. ಮೂರನೆಯ ಒಂದು ಅಂಗುಲ ಕಡಿಮೆಯಾದ ರವಿಕೆಯಲ್ಲಿ ಹುಕ್ಕುಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಆ ರವಿಕೆ ಗಿರಾಕಿಯ ಮದುವೆ ಸೀರೆಯದಾಗಿದ್ದರೆ, ಕಣದ ಬೆಲೆಯನ್ನು ಕೊಡುವವಳು ನನ್ನ ಶಿಷ್ಯೆ, ವಿಡಿಯೋ ಮಾಡಿದವರಲ್ಲ.

ಅಳತೆ ಸರಿಯಿದೆಯೇ ಎಂದು ನೋಡಲು ಕಡತದಲ್ಲಿ ಒಂದು ಸಣ್ಣ ಚೌಕವಿರುತ್ತದೆ, ಬದಿ 10 ಸೆಂ.ಮೀ. ನಾವು ಅಳೆದೆವು, ಸರಿಯಾಗಿಯೇ ಇತ್ತು. ತಂಗಿಯ ಮಗಳು ಗೆದ್ದಂತೆ ನಕ್ಕಳು. ಆಗ ನಾನು ಮೇಜಿನ ಉದ್ದಕ್ಕೂ 100 ಸೆಂ.ಮೀ. ಗೆರೆಯನ್ನು ಬೀಳಿಸಿ ಅಳೆಯಲು ಹೇಳಿದೆ. 99 ಬಂತು! 10 ಸೆಂ.ಮೀ. ಚೌಕದಲ್ಲಿ ಈ ದೋಷ ಒಂದೇ ಮಿಲಿಮೀಟರು. ಬೆಳಕಿನ ಗೆರೆಯ ದಪ್ಪದಲ್ಲಿ ಅದು ಅಡಗಿಬಿಡುತ್ತದೆ. ಆದ್ದರಿಂದ ಈಗಾಗಲೇ ಈ ಯಂತ್ರ ಕೊಂಡಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಚೌಕವನ್ನು ನಂಬಬೇಡಿ. ಮೇಜಿನ ಪೂರ್ತಿ ಉದ್ದ, ಪೂರ್ತಿ ಅಗಲ, ಎರಡು ಕರ್ಣ, ನಾಲ್ಕನ್ನೂ ಅಳೆಯಿರಿ.

ಗೆರೆಯ ದಪ್ಪದ ಮಾತು ಬಂದದ್ದರಿಂದ ಇನ್ನೊಂದು. 125 ಸೆಂ.ಮೀ. ಅಗಲದ ಚಿತ್ರದಲ್ಲಿ 1920 ಚುಕ್ಕಿಗಳಿದ್ದರೆ ಒಂದೊಂದು ಚುಕ್ಕಿ ಸುಮಾರು 0.65 ಮಿ.ಮೀ.; 1280 ಇದ್ದರೆ ಹೆಚ್ಚುಕಡಿಮೆ 1 ಮಿ.ಮೀ.; 854 ಮಾತ್ರ ಇದ್ದರೆ ಒಂದೂವರೆ ಮಿ.ಮೀ. ಸಮೀಪ. ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ '1080ಪಿ ಸಪೋರ್ಟ್' ಎಂದಿರುತ್ತದೆ. ಆ ಅಳತೆಯ ಚಿತ್ರವನ್ನು ಅದು ಒಳಗೆ ತೆಗೆದುಕೊಳ್ಳಬಲ್ಲದು ಎಂದಷ್ಟೇ ಅದರ ಅರ್ಥ. ಅಷ್ಟು ಚುಕ್ಕಿಗಳನ್ನು ಹೊರಗೆ ಬೀಳಿಸುತ್ತದೆ ಎಂದಲ್ಲ. ಕೇಳಬೇಕಾದದ್ದು ಅದರ 'ನೇಟಿವ್ ರೆಸಲ್ಯೂಷನ್' ಎಷ್ಟೆಂದು.

ಇದೆಲ್ಲ ಒಮ್ಮೆ ಹೊಂದಿಸಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಟೆಕ್ಸಾಸಿನಲ್ಲಿ ಮುಗಿಯುತ್ತದೆ, ಅಲ್ಲಿ ಅವಳಿಗೆ ಹೊಲಿಗೆಗೆಂದೇ ಒಂದು ಕೋಣೆಯಿದೆ. ನನ್ನ ಶಿಷ್ಯೆಯದು ರೇಷ್ಮೆ ಸಾಕುವ ಹೆಂಚಿನ ಮನೆ. ಹುಳು ಹಣ್ಣಾದ ವಾರ ಪಡಸಾಲೆಯ ತುಂಬ ಚಂದ್ರಿಕೆಗಳು. ಕತ್ತರಿಸುವ ಮೇಜು ಹೊರಗೆ ಜಗುಲಿಗೆ ಹೋಗುತ್ತದೆ. ತೊಲೆಗೆ ತಗುಲಿಸಿದ ಯಂತ್ರದ ಪಕ್ಕದಲ್ಲೇ ಫ್ಯಾನು. ಬೆಳಕಿನ ಗೆರೆ ಕಾಣಲು ಹಗಲಿನಲ್ಲಿ ಬಾಗಿಲು ಮುಚ್ಚಬೇಕು. ಬಾಗಿಲು ಮುಚ್ಚಿದ ಮನೆಗೆ ಗಿರಾಕಿ ಬರುವುದಿಲ್ಲ. ಕರೆಂಟು ಹೋದರೆ ಸೀಮೆಸುಣ್ಣವೇ ಗತಿ.

ಸಮಯವಾದರೂ ಉಳಿಯುವುದೇ? ಗಡಿಯಾರ ಹಿಡಿದು ಕುಳಿತೆ. ಒಂದು ಸಾದಾ ರವಿಕೆಯನ್ನು ಹಾಸುವುದರಿಂದ ಕತ್ತರಿಸಿ ಮುಗಿಸುವವರೆಗೆ ಶಿಷ್ಯೆಗೆ ಹಿಡಿದದ್ದು 18 ನಿಮಿಷ. ಅದರಲ್ಲಿ ಗೆರೆಯೆಳೆದದ್ದು 7 ನಿಮಿಷ. ಪ್ರೊಜೆಕ್ಟರು ಉಳಿಸಬಹುದಾದದ್ದು ಈ ಏಳು ನಿಮಿಷಗಳನ್ನು ಮಾತ್ರ. ಹೊಲಿಯುವ ಎರಡು ಗಂಟೆ ಹಾಗೆಯೇ ಉಳಿಯುತ್ತದೆ. ಲೈನಿಂಗ್ ಇಲ್ಲದ ರವಿಕೆಗೆ ಅವಳು ತೆಗೆದುಕೊಳ್ಳುವುದು 150 ರೂಪಾಯಿ; ದಾರ, ಹುಕ್ಕು, ಕರೆಂಟು ಕಳೆದು 120 ಉಳಿಯುತ್ತದೆಂದು ಅವಳದೇ ಲೆಕ್ಕ. ಹದಿನಾಲ್ಕು ಸಾವಿರವೆಂದರೆ 117 ರವಿಕೆಗಳ ದುಡಿಮೆ, ಸಂಘದ ಬಡ್ಡಿಯನ್ನು ಸೇರಿಸದೆ.

ಒಂದು ವಿಷಯದಲ್ಲಿ ನಾನು ಸೋತೆನೆಂದು ಒಪ್ಪಿಕೊಳ್ಳಬೇಕು. ಜರಿಯ ಬುಟ್ಟಾ ಇದ್ದ ಕಣವೊಂದನ್ನು ಹಾಸಿದಾಗ, ಬೆಳಕಿನ ತೋಳನ್ನು ಅತ್ತಿತ್ತ ಸರಿಸುತ್ತ, ಎರಡು ತೋಳಿಗೂ ಬುಟ್ಟಾ ಒಂದೇ ಜಾಗದಲ್ಲಿ ಬರುವಂತೆ ಕೂರಿಸುವುದು ಬಹಳ ಸುಲಭವಾಯಿತು. ಕಾಗದವಾದರೆ ಬಟ್ಟೆಯನ್ನು ಮರೆಮಾಡುತ್ತದೆ, ಬೆಳಕು ಮಾಡುವುದಿಲ್ಲ. ಶಿಷ್ಯೆಯ ಕಣ್ಣು ಅರಳಿದ್ದನ್ನು ಕಂಡೆ, ನನ್ನದೂ ಅರಳಿತ್ತೆನ್ನಿ. ಹಾಗೆಯೇ, ತಿಂಗಳಿಗೆ ಎರಡು ಮೂರು ಕಡತ ಕೊಂಡು ಹೊಲಿಯುವವರಿಗೆ, ಮಂಡಿ ನೋವಿನಿಂದ ನೆಲದ ಮೇಲೆ ಕೂರಲಾರದವರಿಗೆ, ಬೇರೆ ಕೋಣೆಯಿದ್ದವರಿಗೆ ಈ ಯಂತ್ರ ಒಳ್ಳೆಯದೇ. ತಂಗಿಯ ಮಗಳು ಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅವಳ ಹವ್ಯಾಸದ ಸಾಮಾನನ್ನು ಇವಳ ಹೊಟ್ಟೆಪಾಡಿನ ಸಾಮಾನೆಂದು ಶಿಫಾರಸು ಮಾಡಿದ್ದು ತಪ್ಪು. ಇನ್ನೊಂದು ಎಚ್ಚರಿಕೆಯೂ ಉಂಟು: ಅಮೆರಿಕದಲ್ಲಿ ಜೋಆನ್ ಎಂಬ ದೊಡ್ಡ ಬಟ್ಟೆ ಅಂಗಡಿಯ ಸಂಸ್ಥೆಯು 'ಡಿಟ್ಟೋ' ಎಂಬ ಹೊಲಿಗೆಯ ಪ್ರೊಜೆಕ್ಟರನ್ನೇ ತನ್ನ ಹೆಸರಿನಲ್ಲಿ ಮಾರಿತು, 2025ರಲ್ಲಿ ಆ ಸಂಸ್ಥೆಯ ಮಳಿಗೆಗಳೆಲ್ಲ ಮುಚ್ಚಿದವು. ಕೊಳ್ಳುವುದೇ ಆದರೆ ಯಾವುದೇ ಕಡತವನ್ನು ತೋರಿಸಬಲ್ಲ ಸಾಮಾನ್ಯ ಪ್ರೊಜೆಕ್ಟರನ್ನು ಕೊಳ್ಳಿ, ಒಂದೇ ಕಂಪನಿಗೆ ಕಟ್ಟುಬೀಳುವಂಥದನ್ನಲ್ಲ.

ಹಾಗಾದರೆ ಶಿಷ್ಯೆ ಏನು ಮಾಡಬೇಕು? ಊರಿನಲ್ಲಿ ಸೀರೆ ಕೊಂಡವರೆಲ್ಲ ಫಾಲ್ಸು, ಪೀಕೋ ಮಾಡಿಸಲು ಶಿಡ್ಲಘಟ್ಟಕ್ಕೋ ವಿಜಯಪುರಕ್ಕೋ ಹೋಗುತ್ತಾರೆ. ರವಿಕೆ ಇವಳಲ್ಲಿ, ಪೀಕೋ ಬೇರೆಡೆ! ಹಳೆಯ ಪೀಕೋ ಯಂತ್ರವೊಂದು ಇದೇ ಹಣದೊಳಗೆ ಸಿಗುವಂತಿದೆ ಎಂದು ವಿಚಾರಿಸಿ ತಿಳಿದುಕೊಂಡೆವು. ಸಾಲವೇ ಬೇಕೆಂದರೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು: ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಜಾಮೀನಿಲ್ಲದೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸರ್ಕಾರಿ ನೌಕರರ ಮನೆಯವರಿಗಿಲ್ಲ. ಅವಳ ಮನೆಯಲ್ಲಿ ಯಾರೂ ಅರ್ಜಿ ಹಾಕಿಲ್ಲವಂತೆ.

ಇದನ್ನೆಲ್ಲ ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಮೇಡಂ, ಆ ಬುಟ್ಟಾ ಕೂರಿಸಿದ್ದು ಎಷ್ಟು ಚೆನ್ನಾಗಿತ್ತು!" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಂಗಿಯ ಮಗಳು ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟುಕೊಂಡು ವಿಮಾನ ಹತ್ತಿದಳು. ಶಿಷ್ಯೆಯ ಮನೆಯಲ್ಲಿ ಈಗ ಹುಳು ನಾಲ್ಕನೆಯ ಜ್ವರದಿಂದ ಎದ್ದಿದೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹೊಲಿಗೆಗೆ ಬಿಡುವಿಲ್ಲ. ಗೂಡು ಮಾರುಕಟ್ಟೆಗೆ ಹೋದ ಮೇಲೆ ಬಂದು ಹೇಳುತ್ತೇನೆ ಎಂದಿದ್ದಾಳೆ.