ಬ್ಯಾಟರಿಯಲ್ಲಿ ಉಳಿಸಿದ ದುಡ್ಡು

ಕಳೆದ ರಜೆಯಲ್ಲಿ ಕಾಪುವಿನ ಕೊಯ್ಲಾದ ಗದ್ದೆಯಲ್ಲಿ ನಮ್ಮ ರಿಮೋಟ್ ವಿಮಾನ ಬಿತ್ತು. ನನ್ನದೂ ಭಾಯಿಯದೂ ಎರಡು ವರ್ಷದ ಈದಿ ಅದರಲ್ಲಿತ್ತು. ಮೇಲೇರಿದ ಕೂಡಲೇ ಭಾಯಿ ಚಕ್ರ ಒಳಗೆಳೆಯುವ ಸ್ವಿಚ್ ಒತ್ತಿದ. ಒಂದು ಚಕ್ರ ಹುಲ್ಲು ಸಿಕ್ಕಿ ಅರ್ಧಕ್ಕೇ ನಿಂತಿತು. ಮರುಕ್ಷಣ ರೆಕ್ಕೆಯೂ ಬಾಲವೂ ಮಾತು ಕೇಳಲಿಲ್ಲ. ಕ್ರಿಕೆಟ್ ಆಡುತ್ತಿದ್ದ ಮಕ್ಕಳಿಂದ ಹತ್ತು ಹೆಜ್ಜೆ ದೂರದಲ್ಲಿ ಮೂತಿ ಊರಿ ಬಿತ್ತು. ಅಬ್ಬಾ ಬೈದದ್ದು ಹೋದ ದುಡ್ಡಿಗಲ್ಲ, ಆ ಹತ್ತು ಹೆಜ್ಜೆಗೆ.

ನೋಡಿದವರೆಲ್ಲ "ಸಿಗ್ನಲ್ ಹೋಯ್ತು" ಅಂದರು. ಮನೆಗೆ ತಂದು ಮೀಟರ್ ಇಟ್ಟು, ಅದೇ ಚಕ್ರವನ್ನು ಕೈಯಲ್ಲಿ ತಡೆದು ನೋಡಿದೆವು. 5 ವೋಲ್ಟ್ ಇದ್ದದ್ದು 3ರ ಹತ್ತಿರ ಇಳಿಯಿತು. ರಿಸೀವರಿನ ದೀಪ ಆರಿ ಮತ್ತೆ ಹೊತ್ತಿತು. ಹೋದದ್ದು ಸಿಗ್ನಲ್ ಅಲ್ಲ, ಕರೆಂಟು.

ರೆಕ್ಕೆ, ಬಾಲ ತಿರುಗಿಸುವ ಸಣ್ಣ ಮೋಟಾರೇ ಸರ್ವೊ. ತಿರುಗಲಾಗದೆ ಸಿಕ್ಕಿಕೊಂಡರೆ 9 ಗ್ರಾಂನ ಸರ್ವೊ ಕೂಡ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಇವೆಲ್ಲಕ್ಕೂ ರಿಸೀವರಿಗೂ 5 ವೋಲ್ಟ್ ಕೊಡುವುದು ಇಎಸ್‌ಸಿಯೊಳಗಿನ ಬಿಇಸಿ. ನಮ್ಮದು ಅಗ್ಗದ ಲೀನಿಯರ್, 2 ಆಂಪಿಯರ್. 11.1 ವೋಲ್ಟಿನ ಲಿಪೊದಿಂದ 5 ಕೊಟ್ಟು ಉಳಿದ 6.1 ವೋಲ್ಟನ್ನು ಬಿಸಿಯಾಗಿ ಕಳೆಯುತ್ತದೆ. ಪೂರ್ತಿ ಲೋಡಿನಲ್ಲಿ ಸರ್ವೊಗಳಿಗೆ 10 ವ್ಯಾಟ್, ಶಾಖಕ್ಕೆ 12.2 ವ್ಯಾಟ್. ಕಾಮರ್ಸ್ ಓದುವ ನನಗೆ ಇದು ವ್ಯಾಪಾರಕ್ಕಿಂತ ನಷ್ಟವೇ ದೊಡ್ಡದಾದ ಅಂಗಡಿ. ವೋಲ್ಟೇಜ್ ಕುಸಿದರೆ ರಿಸೀವರ್ ಮೊಬೈಲಿನಂತೆ ರೀಸ್ಟಾರ್ಟ್ ಆಗುತ್ತದೆ. ಎರಡು ಸೆಕೆಂಡು ಸಾಕು. 20 ಮೀಟರ್ ಮೇಲಿನಿಂದ ಕಲ್ಲು ನೆಲ ಮುಟ್ಟಲೂ ಅಷ್ಟೇ ಸಾಕು.

ಈ ವರ್ಷದ ನಮ್ಮ ವಿಜ್ಞಾನ ಪ್ರದರ್ಶನಕ್ಕೂ ವಿಮಾನ ಬರುತ್ತದಂತೆ. ಬಣ್ಣದ ಬಗ್ಗೆ, ರೆಕ್ಕೆಯ ಮೇಲೆ ಕಾಲೇಜಿನ ಹೆಸರು ಎಲ್ಲಿ ಬರೆಯಬೇಕೆಂಬ ಬಗ್ಗೆ ಎರಡು ವಾರದಿಂದ ಚರ್ಚೆ. ಬ್ಯಾಟರಿ ಬಗ್ಗೆ ಕೇಳಿದರೆ "ಕಾಮರ್ಸ್‌ನವನಿಗೆ ಯಾಕೆ?" ಎಂಬ ನಗು. ನಗಲಿ. ಆದರೆ ಅಂಗಳದಲ್ಲಿ ನಿಂತು ನೋಡುವವರಲ್ಲಿ ನಮ್ಮ ತಂಗಿ ತಮ್ಮಂದಿರೂ ಇರುತ್ತಾರೆ.

ಸರ್ವೊಗಳಿಗೆ ಬೇರೆಯೇ ಸ್ವಿಚಿಂಗ್ ಯುಬಿಇಸಿ ಹಾಕಿ, ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿ ಬಿಡಿಸಿಡಿ. ಇಲ್ಲವೇ ಬೇರೆ ಬ್ಯಾಟರಿ ಕೊಡಿ. ನಿಕಲ್ ಸೆಲ್ಲಾದರೆ ನಾಲ್ಕರ ಬದಲು ಐದು: ನಾಲ್ಕರಲ್ಲಿ ಒಂದು ಸತ್ತರೆ ಉಳಿಯುವುದು 3.6 ವೋಲ್ಟ್, ಐದರಲ್ಲಿ ಒಂದು ಸತ್ತರೂ 4.8 ಇರುತ್ತದೆ. ಚಕ್ರ ಮಡಚಲೇಬೇಕೆಂದರೆ ಅದಕ್ಕೆ ಪ್ರತ್ಯೇಕ ಬ್ಯಾಟರಿ. (ನಮ್ಮದಕ್ಕೆ ಅದು ಶೋಕಿ ಮಾತ್ರ, ಹಟ ಹಿಡಿದವನು ನಾನೇ.) ಹಾರಿಸುವ ಮುನ್ನ ಮೇಜಿನ ಮೇಲಿಟ್ಟು, ಚಕ್ರವನ್ನು ಒಂದು ಕ್ಷಣ ತಡೆದು, ಎಲ್ಲ ಸರ್ವೊ ಒಟ್ಟಿಗೆ ಆಡಿಸಿ ಮೀಟರ್ ನೋಡಿ. ಮುಳ್ಳು ಕುಸಿದರೆ ಆ ದಿನ ಹಾರಾಟ ಬೇಡ. ಸಂಶಯವಿದ್ದರೆ ಮಣಿಪಾಲದ ಎಂಐಟಿಯಲ್ಲಿ ಏರೋಎಂಐಟಿ ಎಂಬ ವಿದ್ಯಾರ್ಥಿ ತಂಡ ವಿಮಾನಗಳನ್ನೇ ಕಟ್ಟುತ್ತದೆ. ಬಸ್ಸು ಹತ್ತಿ ಹೋಗಿ ಕೇಳಬಹುದು.

ನಾವು ಹೊಸದಕ್ಕೆ ದುಡ್ಡು ಕೂಡಿಡುತ್ತಿದ್ದೇವೆ. ಪಟ್ಟಿಯ ಮೊದಲ ಸಾಲು ಬ್ಯಾಟರಿ. ಬಣ್ಣ ಕೊನೆಗೆ, ಏನಾದರೂ ಉಳಿದರೆ.